ಮಳೆಗೆ ನೆಟ್ಟ ಮೆಣಸಿನಕಾಯಿ

ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಜೀಪಿನಿಂದ ಇಳಿಯುವಾಗ ಲಾರಸ್ ಜತ್ಮಿಕೊನನ್ನು ‘ಪಾಕ್’ ಎಂದು ಕರೆದಿದ್ದಳು. ಮಧ್ಯಾಹ್ನ ಸರೋವರದ ದಂಡೆಗೆ ಬಂದು ಬೆನ್ನಿನ ಹೊರೆ ಇಳಿಸುವ ಹೊತ್ತಿಗೆ ಅದು ‘ಮಾಸ್’ ಆಗಿತ್ತು. ಡೇರೆಯ ಗೂಟಕ್ಕೆ ಕಲ್ಲಿನಿಂದ ಹೊಡೆಯುತ್ತ ಪಲುಪಿ ಈ ಬದಲಾವಣೆ ದಾರಿಯಲ್ಲಿ ಎಲ್ಲಿ ಆಯಿತೆಂದು ಹುಡುಕುತ್ತಿದ್ದಳು. ಪಾಕ್ ಎಂದರೆ ಅಪ್ಪನ ವಯಸ್ಸಿನವರು, ಕಚೇರಿಯ ಮೇಜಿನಾಚೆ ಕೂತವರು. ಮಾಸ್ ಎಂದರೆ ಅಣ್ಣ, ಆದರೆ ಹೆಂಡತಿ ಗಂಡನನ್ನು ಕರೆಯುವುದೂ ಮಾಸ್ ಎಂದೇ. ಎರಡನೆಯ ತಂಗುದಾಣದಲ್ಲಿ ಇರಬೇಕು. ಅಲ್ಲಿ ಮುದುಕಿಯೊಬ್ಬಳು ಕಲ್ಲಂಗಡಿ ಹೋಳು ಮಾರುತ್ತ ಕೂತಿದ್ದಳು, ಎಲ್ಲರೂ ಒಂದೊಂದು ಹಿಡಿದು ನಿಂತಿದ್ದರು. ವಿವಿಕ್ ತನ್ನ ಚಿಕ್ಕಮ್ಮನ ಮಗಳಾದ ಲಾರಸ್ ಕಡೆ ತಿರುಗಿ, “ಪಾಕ್ ಅಂತೆ, ಪಾಕ್! ಅವನೇನು ನಿಮ್ಮ ಸ್ಕೂಲ್ ಹೆಡ್‌ಮಾಸ್ಟರಾ? ಮಾಸ್ ಅನ್ನೇ” ಎಂದಿದ್ದಳು. ವಿವಿಕ್‌ಳ ಗಂಡ ತೊತೊಕ್ ಬೀಜ ಉಗುಳಿ ನಕ್ಕ. ಲಾರಸ್ ತಲೆ ತಗ್ಗಿಸಿದಳು. ಜತ್ಮಿಕೊ ತುಟಿ ಒರೆಸಿಕೊಂಡು ದೂರದ ಬೆಟ್ಟವನ್ನು ನೋಡಿದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಪಲುಪಿಗೆ ಆಗಲೇ ತಿಳಿಯಬೇಕಿತ್ತು. ಒಬ್ಬ ಹೆಣ್ಣುಮಗಳ ಬಾಯಲ್ಲಿ ಪಾಕ್ ಅನ್ನು ಮಾಸ್ ಮಾಡಿಸುವುದು ಸುಮ್ಮನೆ ಮಾಡುವ ಕೆಲಸವಲ್ಲ. ಆದರೆ ಕಲ್ಲಂಗಡಿ ತಂಪಾಗಿತ್ತು, ಕಾಲು ಸೋತಿತ್ತು. ಅವಳೂ ಎಲ್ಲರ ಜೊತೆ ನಕ್ಕಿದ್ದಳು.

ಪಲುಪಿಯನ್ನು ಮಾತ್ರ ಲಾರಸ್ ಇನ್ನೂ ‘ಬು’, ಅಮ್ಮ, ಎಂದೇ ಕರೆಯುತ್ತಿದ್ದಳು. ಅದರಲ್ಲಿ ತಪ್ಪೇನಿಲ್ಲ, ಎಂಟು ವರ್ಷದ ಹಿಂದೆ ಮಲಾಂಗ್‌ನ ಶಾಲೆಯಲ್ಲಿ ಅವಳಿಗೆ ರಸಾಯನಶಾಸ್ತ್ರ ಕಲಿಸಿದ್ದು ಪಲುಪಿಯೇ. ಟೀಚರಮ್ಮನನ್ನು ಬು ಎನ್ನದೆ ಇನ್ನೇನು ಅನ್ನಬೇಕು? ಆದರೂ ಮೂವತ್ತೆಂಟು ವರ್ಷದ ತಾನು ಬು, ನಲವತ್ತೊಂದರ ಜತ್ಮಿಕೊ ಮಾಸ್. ಒಂದೇ ಏರಿನಲ್ಲಿ ತನಗೆ ಒಂದು ತಲೆಮಾರು ವಯಸ್ಸಾಗಿ ಹೋಗಿತ್ತು. ಗೂಟ ಒಂದು ಕಡೆ ವಾಲಿತು. ಕಿತ್ತು ಮತ್ತೆ ಹೊಡೆದಳು. “ಅಲ್ಲಲ್ಲ ಪಿ, ಇನ್ನೂ ಸ್ವಲ್ಪ ಕೆಳಗೆ ಹಾಕಿ ಹೆಂಗಸರ ಡೇರೆ. ನೆಲದ ಇಳಿಜಾರು ಅಳೆಯೋನು ನಾನು, ನನ್ನ ಮಾತು ಕೇಳಿ” ಎಂದು ಜತ್ಮಿಕೊ ಆಚೆಯಿಂದ ಕೂಗಿದ. ಅವನು ಭೂಮಾಪನ ಕಚೇರಿಯಲ್ಲಿದ್ದ. ಜನರ ಗದ್ದೆಗಳಿಗೆ ಗಡಿಕಲ್ಲು ಹಾಕಿಸುವುದು ಅವನ ಕೆಲಸ. ನಾಲ್ಕು ಜನರ ಎದುರಿಗೆ ಅವನು ತನ್ನ ಜೊತೆ ಮಾತಾಡುವಾಗ ದನಿಯಲ್ಲಿ ಒಂದು ಅಗತ್ಯಕ್ಕಿಂತ ಹೆಚ್ಚಿನ ಗೆಲುವು ಇರುತ್ತದೆ ಎಂಬುದು ಪಲುಪಿಗೆ ಗೊತ್ತಿತ್ತು. ಇಬ್ಬರೇ ಇದ್ದಾಗ ಅವನು ಮೆಲ್ಲಗೆ ಮಾತಾಡುತ್ತಾನೆ.

ಸಾವಿರ ದಿನ ಕಳೆಯಲಿ ಎಂದಿದ್ದ ಅವನು. ಹೆಂಡತಿ ತೀರಿಕೊಂಡು ಸಾವಿರ ದಿನ ತುಂಬಿ, ಸಮಾಧಿಗೆ ಕಲ್ಲು ಕೂರಿಸಿ, ಕೊನೆಯ ಪ್ರಾರ್ಥನೆ ಮುಗಿಯದೆ ಇನ್ನೊಬ್ಬಳ ಹೆಸರು ಎತ್ತಿದರೆ ಅತ್ತೆ ಮನೆಯವರು ಏನಂದುಕೊಳ್ಳುತ್ತಾರೆ, ಪಿ? ಅವಳು ಒಪ್ಪಿದ್ದಳು. ಗಂಡಸು ಸತ್ತ ಹೆಂಡತಿಯನ್ನು ಇಷ್ಟು ಗೌರವಿಸುತ್ತಾನಲ್ಲ, ನಾಳೆ ನನ್ನನ್ನೂ ಗೌರವಿಸುತ್ತಾನೆ ಎಂದು ಸಂತೋಷವನ್ನೂ ಪಟ್ಟಿದ್ದಳು. ಎಷ್ಟು ಪೆದ್ದಿ ನಾನು ಎಂದು ಈಗ ಅನಿಸುತ್ತದೆ, ಆದರೆ ಆಗ ಅದು ಪೆದ್ದುತನವಾಗಿರಲಿಲ್ಲ, ಪ್ರೀತಿಯಾಗಿತ್ತು. ಹೋದ ತಿಂಗಳು ಆ ಸಾವಿರದ ದಿನ ಬಂತು. ಅವನ ಮನೆಯ ಹಿತ್ತಲಲ್ಲಿ ನೆರೆಯ ಹೆಂಗಸರ ಜೊತೆ ಕೂತು ಪಲುಪಿ ಬೆಳಗಿನಿಂದ ತೆಂಗಿನಕಾಯಿ ತುರಿದಳು, ಹೊಗೆಯಲ್ಲಿ ಕಣ್ಣು ಕೆಂಪಾಯಿತು. ಒಬ್ಬ ಮುದುಕಿ, ‘ಪಾಪ, ಸತ್ತವಳು ನಿನಗೆ ಅಷ್ಟು ಹತ್ತಿರದ ಗೆಳತಿಯಾ?’ ಎಂದು ಬೆನ್ನು ಸವರಿದಳು. ಪ್ರಾರ್ಥನೆ ಮುಗಿದ ಮೇಲೆ ಜತ್ಮಿಕೊ ಬಾಗಿಲಲ್ಲಿ ನಿಂತು ಎಲ್ಲ ಅತಿಥಿಗಳಿಗೂ ಕೊಟ್ಟಂತೆ ಅವಳ ಕೈಗೂ ಅನ್ನದ ಬುಟ್ಟಿ ಕೊಟ್ಟ, ಎಲ್ಲರಿಗೂ ಹೇಳಿದಂತೆ ‘ಬಂದಿದ್ದಕ್ಕೆ ತುಂಬ ಉಪಕಾರ’ ಎಂದ. ಮಾರನೆಯ ದಿನ ಫೋನು ಮಾಡಿ, ರಾನು ಸೆಲೊ ಸರೋವರಕ್ಕೆ ಹಳೆಯ ಗೆಳೆಯರೆಲ್ಲ ಹೋಗೋಣ, ಕಾಲೇಜಿನಲ್ಲಿ ಬೆಟ್ಟ ಹತ್ತುವ ಸಂಘ ಇತ್ತಲ್ಲ ಹಾಗೆ, ಅಲ್ಲಿ ದಂಡೆಯಲ್ಲಿ ಕೂತು ತೊತೊಕ್‌ಗೂ ವಿವಿಕ್‌ಗೂ ಮೊದಲು ನಮ್ಮ ವಿಷಯ ಹೇಳ್ತೀನಿ, ಆಮೇಲೆ ಊರಿಗೆಲ್ಲ, ಎಂದ. ಅದಕ್ಕಾಗಿ ಅವಳು ಹೊಸ ಜಾಕೆಟ್ಟು ಕೊಂಡಿದ್ದಳು. ಲಾರಸ್ ಬರುತ್ತಾಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಎರಡು ಗಂಟೆಯ ಹೊತ್ತಿಗೆ ಆಚೆ ದಿಣ್ಣೆಯ ಮೇಲೆ ಮೋಡ ಇಳಿಯತೊಡಗಿತು. ಸರೋವರದ ನೀರು ಹಸಿರು ಬಿಟ್ಟು ಸೀಸದ ಬಣ್ಣಕ್ಕೆ ತಿರುಗಿತು. ತೊತೊಕ್ ನೂಡಲ್ಸಿಗೆ ನೀರಿಟ್ಟವನು ಎದ್ದು ನಿಂತು ಗಾಳಿ ಮೂಸಿದ. ಅವನು ಹೀಗೆ ಮೂಸುವುದು ಕಾಲೇಜಿನ ದಿನಗಳಿಂದ ಬಂದ ನಾಟಕ, ಅವನ ಮೂಗಿಗೆ ಯಾವತ್ತೂ ಏನೂ ತಿಳಿದದ್ದಿಲ್ಲ.

“ಬರುತ್ತೆ ಕಣ್ರೋ, ಬಡಿಯುತ್ತೆ ಇವತ್ತು. ವಿವಿಕ್, ಸಾಂಬಾಲ್ ಚಟ್ನಿಗೆ ಅಂತ ತಂದ ಮೆಣಸಿನಕಾಯಿ ಎಲ್ಲಿ? ಒಂದು ಈರುಳ್ಳಿನೂ ಕೊಡು. ನೆಲಕ್ಕೆ ನೆಟ್ಟು ಮಳೆ ಕಟ್ಟಿಹಾಕೋಣ.”

“ಮಾಂಸ ಸುಡೋ ಸಾತೆ ಕಡ್ಡಿ ಇದೆಯಲ್ಲ, ಅದಕ್ಕೆ ಚುಚ್ಚಿ,” ಎಂದಳು ವಿವಿಕ್. “ನನ್ನ ಮದುವೆ ದಿನ ನೆಟ್ಟಿದ್ದು ನಿಮ್ಮ ತಂಗಿ. ಒಂದು ಹನಿ ಬಿತ್ತಾ? ಪಕ್ಕದ ಬೀದೀಲಿ ಮೊಣಕಾಲುದ್ದ ನೀರು.”

“ಹೌದು ಹೌದು. ಆದ್ರೆ ಯಾರು ಬೇಕಾದ್ರೂ ನೆಡೋ ಹಾಗಿಲ್ವಲ್ಲ. ಗಂಡಸಿನ ಕೈ ಸೋಕಿರಬಾರದು, ಅದು ಕಂಡೀಷನ್ನು. ನೀನು ಔಟ್. ನಾನು ಸೋಕಿ ಸೋಕಿ ಸವೆಸಿಬಿಟ್ಟಿದ್ದೀನಿ.”

“ಥೂ, ಬಾಯಿ ಮುಚ್ಚಿ!” ವಿವಿಕ್ ಅವನ ಬೆನ್ನಿಗೆ ಗುದ್ದಿದಳು.

ತೊತೊಕ್ ಕಡ್ಡಿಯ ಮೊನೆಗೆ ಕೆಂಪು ಮೆಣಸಿನಕಾಯಿ, ಅದರ ಕೆಳಗೆ ಈರುಳ್ಳಿ ಪೋಣಿಸಿ ಕತ್ತಿಯಂತೆ ಎತ್ತಿ ಹಿಡಿದ. “ನಮ್ಮ ಹತ್ರ ಮದುವೆ ಆಗದೋರು ಇಬ್ಬರಿದ್ದಾರೆ. ಒಬ್ಬಳು ನಮ್ಮ ಲಾರಸ್. ಇನ್ನೊಬ್ಬಳು ನಮ್ಮ ಪಿ. ಹಳೇ ಸ್ಟಾಕು, ಆದ್ರೆ ಸೀಲು ಒಡೆದಿಲ್ಲ. ಹಿರಿಯರಿಗೆ ಮೊದಲು ಮರ್ಯಾದೆ. ಬಾರೇ ಪಿ, ತಗೋ.”

ಪಲುಪಿ ನಕ್ಕಳು. ಹದಿನೆಂಟು ವರ್ಷದಿಂದ ಅವನ ಇಂಥ ಮಾತಿಗೆ ನಗುತ್ತ ಬಂದಿದ್ದಾಳೆ. ನಗುತ್ತಲೇ ಕೈ ಒರೆಸಿಕೊಂಡು ಮುಂದೆ ಬಂದಳು, ಕೈ ಚಾಚಿದಳು. ಕೈ ಇನ್ನೂ ಗಾಳಿಯಲ್ಲಿರುವಾಗ ಜತ್ಮಿಕೊ ಹಗ್ಗದ ಗಂಟು ಬಿಗಿಯುತ್ತಿದ್ದವನು ತಲೆ ಎತ್ತದೆ ಹೇಳಿದ:

“ಬೇಡ, ಲಾರಸ್ ನೆಡಲಿ ಬಿಡು.”

ಅಷ್ಟೇ. ನಾಲ್ಕೇ ಮಾತು. ತೊತೊಕ್ ಕಡ್ಡಿಯನ್ನು ಪಲುಪಿಯ ಬೆರಳ ತುದಿಯಿಂದ ಹಾಗೇ ಆಚೆ ತಿರುಗಿಸಿ ಲಾರಸ್‌ಗೆ ಕೊಟ್ಟ, “ಓಹೋ, ಸಾಹೇಬ್ರ ಆರ್ಡರ್ರು!” ಎಂದ. ವಿವಿಕ್ ಗಂಡನ ಕಡೆ ನೋಡಿ ಹುಬ್ಬು ಹಾರಿಸಿದಳು, ‘ನೋಡಿದ್ರಾ, ಒಪ್ಪಿದ’ ಎನ್ನುವ ಹಾಗೆ. ಅವರಿಬ್ಬರಿಗೆ ಅದು ಗಂಡು ಹೆಣ್ಣಿನ ಕಡೆ ವಾಲಿದ ಸುದ್ದಿಯಾಗಿ ಕೇಳಿಸಿತು. ಪಲುಪಿಗೆ ಕೇಳಿಸಿದ್ದೇ ಬೇರೆ. ಅವನು ಮಳೆ ತಪ್ಪಿಸಲು ನೋಡುತ್ತಿದ್ದಾನೆ. ಹರಟೆಗಾಗಲಿ, ಆ ಹುಡುಗಿಯನ್ನು ಮೆಚ್ಚಿಸಲಾಗಲಿ ಹೇಳಿದ ಮಾತಲ್ಲ ಅದು. ಪಲುಪಿ ನೆಟ್ಟರೆ ನಡೆಯುವುದಿಲ್ಲ ಎಂಬುದು ಈ ಬೆಟ್ಟದ ಮೇಲೆ ಅವನೊಬ್ಬನಿಗೇ ಗೊತ್ತು, ಆದ್ದರಿಂದ ಮುಂದಾಲೋಚನೆಯಿಂದ ಹೇಳಿದ್ದಾನೆ, ಒಡೆದ ಗಾಜಿನ ಲೋಟವನ್ನು ಅತಿಥಿಗೆ ಕೊಡಬೇಡ ಎನ್ನುವ ಹಾಗೆ. ಬಾತು ಊರಿನ ಆ ಹೋಟೆಲು ಕಣ್ಣ ಮುಂದೆ ಬಂತು. ಅವನು ಕೋಣೆಗೆ ಚೀಟಿ ಬರೆಸುವಷ್ಟು ಹೊತ್ತು ಅವಳು ಸ್ಕೂಟರುಗಳ ನಡುವೆ ಹೆಲ್ಮೆಟ್ಟು ತೆಗೆಯದೆ ನಿಂತಿರುತ್ತಿದ್ದಳು, ಕಾವಲಿನವನು ಬೇಕೆಂದೇ ಆಚೆ ನೋಡುತ್ತಿದ್ದ. ಮೊದಲ ಸಲ ಅವಳು ಅತ್ತಾಗ, ‘ನಾನಲ್ವಾ ಪಿ? ನಾನೇ ತಾನೆ? ಬೇರೆ ಯಾರೋ ಅಲ್ವಲ್ಲ’ ಎಂದು ಅವನು ಕಣ್ಣೀರು ಒರೆಸಿದ್ದ. ಅದೇ ಅವನು ಈಗ ಆ ಕೈಗೆ ಒಂದು ಮೆಣಸಿನಕಾಯಿ ಕೊಡಲು ಹಿಂಜರಿಯುತ್ತಾನೆ. ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಕೂದಲು ಸರಿಮಾಡಿಕೊಂಡಳು.

“ನಗಬೇಡ ಲಾರಸ್, ಬಿಸ್ಮಿಲ್ಲಾ ಹೇಳಿ ನೆಡಬೇಕು. ಯಾರೂ ನೋಡಬಾರದು. ಆ ಬಂಡೆ ಹಿಂದೆ ಹೋಗು,” ಎಂದಳು ವಿವಿಕ್. ಲಾರಸ್ ಹೋದಳು. ಪಲುಪಿ ನೀರು ತರುವ ನೆಪದಲ್ಲಿ ಕ್ಯಾನು ಎತ್ತಿಕೊಂಡು ದಂಡೆಗೆ ಇಳಿದಳು. ಯಾರ ಮುಖವೂ ಕಾಣದ ಕಡೆ ಹೋಗಬೇಕಿತ್ತು, ಅಷ್ಟೇ. ಆದರೆ ದಂಡೆಯ ದಾರಿ ಬಂಡೆಯನ್ನು ಸುತ್ತಿಕೊಂಡೇ ಹೋಗುತ್ತಿತ್ತು. ಅಲ್ಲಿ ಲಾರಸ್ ಕಡ್ಡಿ ಹಿಡಿದು ಹಾಗೇ ನಿಂತಿದ್ದಳು, ನೆಟ್ಟಿರಲಿಲ್ಲ. ಪಲುಪಿಯನ್ನು ಕಂಡು ಅವಳ ಮುಖ ಬಿಳಿಚಿತು. ಪರೀಕ್ಷೆಯಲ್ಲಿ ಉತ್ತರ ತಿಳಿಯದೆ ಪೆನ್ನು ಕಚ್ಚುವಾಗ ಹೀಗೇ ಇರುತ್ತಿದ್ದಳು.

“ಬು, ನೀವು ನೆಡಿ.”

“ನಾನ್ಯಾಕೆ? ನಿನಗೆ ಹೇಳಿದ್ದು.”

“ನನ್ನ ಕೈಲಿ ಆಗಲ್ಲ, ಬು. ದಯವಿಟ್ಟು. ಯಾರಿಗೂ ಹೇಳಬೇಡಿ.”

ಯಾಕೆ ಆಗಲ್ಲ ಎಂದು ಪಲುಪಿ ಕೇಳಲಿಲ್ಲ. ಸುಮ್ಮನೆ ಭಯವಿರಬಹುದು, ದೇವರ ವಿಷಯದಲ್ಲಿ ಆಟ ಬೇಡವೆನ್ನುವ ಹುಡುಗಿಯಿರಬಹುದು, ಇನ್ನೇನಾದರೂ ಇರಬಹುದು. ಕೇಳುವ ಹಕ್ಕು ತನಗಿದ್ದರೂ ಬೇಡವಾಗಿತ್ತು. ಕಡ್ಡಿ ಈಸಿಕೊಂಡಳು. ತರಗತಿಯಲ್ಲಿ ಮೋಡಕ್ಕೂ ಮಳೆಗೂ ಉಪ್ಪಿನ ಕಣಕ್ಕೂ ಇರುವ ಸಂಬಂಧ ವಿವರಿಸಿದವಳು ಒದ್ದೆ ಮಣ್ಣಿನಲ್ಲಿ ಮಂಡಿಯೂರಿ ಕೂತಳು, ಬಿಸ್ಮಿಲ್ಲಾ ಎಂದಳು, ಮೆಣಸಿನಕಾಯಿಯ ತುದಿ ಆಕಾಶಕ್ಕೆ ಬರುವಂತೆ ಕಡ್ಡಿಯನ್ನು ಒತ್ತಿದಳು. ಒತ್ತುವಾಗ ತನಗೇ ನಾಚಿಕೆಯಾಗುವಷ್ಟು ಆಸೆಯಾಯಿತು. ಮಳೆ ಬರದಿರಲಿ. ಒಂದು ಸಲ, ಇದೊಂದು ಸಲ, ಬರದಿರಲಿ. ನಾನು ಯಾರಿಗೂ ಏನೂ ಮೋಸ ಮಾಡಿಲ್ಲ, ಕಾದಿದ್ದೇನೆ ಅಷ್ಟೇ, ಮಣ್ಣಿಗೆ ಅದು ತಿಳಿಯಲಿ. ಎದ್ದು ಮಂಡಿ ಕೊಡವಿಕೊಂಡು ನೋಡಿದರೆ ಲಾರಸ್ ಆಗಲೇ ಮೇಲೆ ಹೋಗಿಯಾಗಿತ್ತು.

ಇಪ್ಪತ್ತು ನಿಮಿಷಕ್ಕೆ ಮಳೆ ಬಂತು. ಹನಿಯಾಗಿ ಶುರುವಾಗಲಿಲ್ಲ, ದಿಣ್ಣೆಯ ಮೇಲಿಂದ ಗೋಡೆಯಂತೆ ನಡೆದುಕೊಂಡು ಬಂದು ಸರೋವರ ದಾಟಿ ಅವರ ಮೇಲೆ ಬಿತ್ತು. ನೂಡಲ್ಸಿನ ಪಾತ್ರೆ ಮಗುಚಿತು. ಗಾಳಿ ಹೆಂಗಸರ ಡೇರೆಯನ್ನು ಚೀಲದಂತೆ ಊದಿಸಿತು, ಇಳಿಜಾರು ಅಳೆದವನು ತೋರಿಸಿದ ಜಾಗದಲ್ಲಿ ಮೇಲಿನ ನೀರೆಲ್ಲ ಬಂದು ನಿಂತು ಹಾಸಿಗೆ ಚೀಲಗಳು ತೇಲಿದವು. ಸಿಡಿಲು ದಿಣ್ಣೆಯ ಮೇಲೇ ಹೊಡೆಯುತ್ತಿತ್ತು, ಇಳಿಯುವ ದಾರಿ ಇದ್ದದ್ದೂ ಅದೇ ದಿಣ್ಣೆಯ ಮೇಲೆ. ಐವರೂ ಗಂಡಸರ ಡೇರೆಗೆ ನುಗ್ಗಿ ಮಂಡಿಗೆ ಮಂಡಿ ತಾಗಿಸಿ ಕೂತರು. ಹಗಲು ಮೂರೂವರೆಗೇ ಒಳಗೆ ಮಬ್ಬು. ಒದ್ದೆ ಉಣ್ಣೆಯ, ಚೆಲ್ಲಿದ ಮಸಾಲೆಯ ವಾಸನೆ. ಪಲುಪಿಯ ಎದುರಿಗೆ ಜತ್ಮಿಕೊ, ಅವನ ಪಕ್ಕಕ್ಕೆ ವಿವಿಕ್ ಜಾಣತನದಿಂದ ತಳ್ಳಿ ಕೂರಿಸಿದ ಲಾರಸ್.

“ಏನಮ್ಮಾ ಲಾರಸ್,” ತೊತೊಕ್ ಶರ್ಟು ಹಿಂಡುತ್ತ ಶುರುಮಾಡಿದ, “ಮಳೆ ಕಟ್ಟು ಅಂದ್ರೆ ಕರೆದುಕೊಂಡು ಬಂದ್ಯಲ್ಲ! ಮೆಣಸಿನಕಾಯಿ ಕೊಳೆತಿತ್ತಾ, ಇಲ್ಲಾ ಬೇರೆ ಏನಾದ್ರೂ ಕತೆನಾ?”

“ಸುಮ್ನಿರಿ ನೀವು,” ಎಂದಳು ವಿವಿಕ್, ನಗುತ್ತಲೇ.

“ನಾನೇನಂದೆ? ಸುರಬಾಯಾ ಊರೇ ಹಂಗೆ, ತುಂಬ ಸೆಖೆ ಅಂದೆ. ಹುಡುಗೀರು ಕಿಟಕಿ ತೆಗೆದಿಡಬೇಕಾಗುತ್ತೆ.”

ಗುಡುಗಿನ ಸದ್ದಿಗೆ ಎಲ್ಲರೂ ಒಂದು ಸಲ ತಲೆ ಬಗ್ಗಿಸಿದರು. ತಲೆ ಎತ್ತಿದಾಗ ಜತ್ಮಿಕೊನ ಮಂಡಿ ಲಾರಸ್‌ಳ ಮಂಡಿಯಿಂದ ನಾಲ್ಕು ಬೆರಳು ದೂರ ಸರಿದಿತ್ತು. ಪಲುಪಿ ಅದನ್ನು ನೋಡಿದಳು. ನೋಡಿ ಅವಳಿಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಬೇಕು, ಎದೆ ತುಂಬುವಷ್ಟು ಸಂತೋಷವಾಯಿತು. ಇನ್ನೂ ದೂರ ಸರಿ, ಸರಿ.

“ಸುರಬಾಯಾದಲ್ಲಿ ಎಷ್ಟು ವರ್ಷ ಇದ್ದೆ ನೀನು?” ಜತ್ಮಿಕೊ ಕೇಳಿದ. ದನಿ ಮೆತ್ತಗಿತ್ತು.

“ಐದು.”

“ಹಾಸ್ಟೆಲ್ಲಾ?”

“ಮೊದಲು ಹಾಸ್ಟೆಲ್ಲು. ಆಮೇಲೆ ಬಾಡಿಗೆ ರೂಮು.”

“ಒಬ್ಬಳೇ?”

“ಗೆಳತಿ ಇದ್ದಳು.”

“ಎಲ್ಲಾ ದಿವಸಾನೂ ಇರ್ತಿದ್ಲಾ?”

ಹೀಗೇ ಅಳೆಯುತ್ತಾನೆ ಅವನು, ಪಲುಪಿ ಅಂದುಕೊಂಡಳು. ಸರಪಳಿ ಹಿಡಿದು, ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ, ಯಾರ ಮನಸ್ಸೂ ನೋಯದ ಹಾಗೆ. ಸಾವಿರ ದಿನದ ಕಾಯುವಿಕೆಯಲ್ಲಿ ತನ್ನನ್ನೂ ಹೀಗೇ ಅಳೆದು ಎಲ್ಲೋ ಒಂದು ಕಡೆ ಬರೆದಿಟ್ಟಿದ್ದಾನೆ. ಇವಳು ಒಪ್ಪಿದಳು, ಆದ್ದರಿಂದ ಇವಳು ಆಗುವುದಿಲ್ಲ. ಒಪ್ಪಿಸಿದವನು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಲಾರಸ್ ಉಗುರಿನಿಂದ ಉಗುರು ಕೀಳುತ್ತಿದ್ದಳು. ಒಂದು ಸಲ, ಒಂದೇ ಒಂದು ಸಲ, ಕಣ್ಣೆತ್ತಿ ಪಲುಪಿಯನ್ನು ನೋಡಿದಳು. ಆ ನೋಟದಲ್ಲಿ ಹೇಳಿ ಎಂಬ ಬೇಡಿಕೆ ಇತ್ತೋ, ಹೇಳಬೇಡಿ ಎಂಬ ಬೇಡಿಕೆ ಇತ್ತೋ ತಿಳಿಯಲಿಲ್ಲ. ಸುಮ್ಮನೆ ಇದ್ದರೆ ಸಾಕಿತ್ತು. ಇನ್ನರ್ಧ ಗಂಟೆ ಮಳೆ ಸುರಿದರೆ ಈ ಸಂಬಂಧ ತಾನಾಗಿ ಮುರಿದು ಬೀಳುತ್ತದೆ, ವಿವಿಕ್‌ಗೂ ಕಾರಣ ಗೊತ್ತಾಗುವುದಿಲ್ಲ. ಜತ್ಮಿಕೊ ಮತ್ತೆ ಫೋನು ಮಾಡುತ್ತಾನೆ, ಮೆಲ್ಲಗೆ ಮಾತಾಡುತ್ತಾನೆ. ಮತ್ತೆ ಬಾತು ಊರಿನ ಹೋಟೆಲು, ಮತ್ತೆ ಹೆಲ್ಮೆಟ್ಟು. ಇಷ್ಟನ್ನು ಉಳಿಸಿಕೊಳ್ಳಲು ಒಂದು ಹುಡುಗಿಯನ್ನು ಈ ಮಬ್ಬಿನಲ್ಲಿ ಕೂರಿಸಿ ಕೊಚ್ಚಲು ಬಿಡಬೇಕು. ತನಗಾದ ಸಂತೋಷಕ್ಕೆ ಅವಳಿಗೇ ಹೇಸಿಗೆಯಾಯಿತು.

“ಬಿಡು ಮಾಸ್, ಕೋರ್ಟಲ್ಲಿ ಕೇಳಿದ ಹಾಗೆ ಕೇಳ್ತೀಯಲ್ಲ,” ವಿವಿಕ್ ನಡುವೆ ಬಾಯಿ ಹಾಕಿದಳು. ಅವಳ ದನಿಯಲ್ಲಿ ಈಗ ಗಾಬರಿ ಇತ್ತು. “ಮಳೆಗಾಲ, ಮಳೆ ಬರುತ್ತೆ. ಮೆಣಸಿನಕಾಯಿ ಕಟ್ಟಿಕೊಂಡು ಯಾರಾದ್ರೂ...”

“ನಾನೇನು ನಂಬ್ತೀನಾ ಅದನ್ನ?” ಜತ್ಮಿಕೊ ನಕ್ಕ. “ಸುಮ್ನೆ ಕೇಳಿದೆ.”

“ನೆಟ್ಟಿದ್ದು ಲಾರಸ್ ಅಲ್ಲ,” ಎಂದಳು ಪಲುಪಿ.

ಮಳೆಯ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ, ಪಾಠ ಹೇಳುವ ದನಿಯಲ್ಲಿ ಹೇಳಿದಳು. “ಲಾರಸ್ ನೆಡಲಿಲ್ಲ. ಅವಳ ಕೈಯಿಂದ ಈಸಿಕೊಂಡು ನಾನು ನೆಟ್ಟೆ.” ಒಳ್ಳೆಯತನದಿಂದ ಹೇಳಿದಳೆಂದರೆ ಪೂರ್ತಿ ನಿಜವಾಗುವುದಿಲ್ಲ. ಅವನ ಮುಖ ಹೇಗಾಗುತ್ತದೆ ನೋಡಬೇಕೆಂಬ ಹಟವೂ ಅದರಲ್ಲಿತ್ತು, ಈಗಲಾದರೂ ಅವನು ಬಾಯಿ ಬಿಟ್ಟು ತನ್ನ ಪರವಾಗಿ ಒಂದು ಮಾತು ಆಡಿಯಾನು ಎಂಬ ಆಸೆ, ನಾಚಿಕೆಗೆಟ್ಟ ಆಸೆ, ಇನ್ನೂ ಸ್ವಲ್ಪ ಉಳಿದಿತ್ತು. ಇದೇ ಹೊತ್ತು. ಇದಕ್ಕಿಂತ ಒಳ್ಳೆಯ ಹೊತ್ತು ಅವನಿಗೆ ಸಿಗುವುದಿಲ್ಲ. ಪಿ ಮತ್ತು ನಾನು ಎಂದು ಶುರುಮಾಡಿದರೆ ಸಾಕು, ಉಳಿದದ್ದನ್ನು ಅವಳೇ ಮುಗಿಸುತ್ತಾಳೆ.

ಜತ್ಮಿಕೊನ ಮುಖ ಅರಳಿತು. ನಿಜವಾಗಿಯೂ ಅರಳಿತು, ಹೆಗಲ ಮೇಲಿನ ಮೂಟೆ ಇಳಿಸಿದವನ ಹಾಗೆ. “ಅಯ್ಯೋ, ಹಾಗೆ ಹೇಳು ಮತ್ತೆ!” ಎಂದ ಅವನು. ಲಾರಸ್ ಕಡೆ ತಿರುಗಿ, ಅವಳ ಹೆಗಲು ತಟ್ಟುವವನಂತೆ ಕೈ ಎತ್ತಿದ. “ನಾನು ಏನೇನೋ ಅಂದ್ಕೊಂಡುಬಿಟ್ಟಿದ್ದೆ. ಪಿ ನೆಟ್ಟಿದ್ದಾ! ಅದಕ್ಕೇ ಮತ್ತೆ, ಮಳೆ ಬರದೆ ಇರುತ್ತಾ...”

ಮಾತು ಅಲ್ಲಿಗೆ ನಿಂತಿತು. ಎತ್ತಿದ ಕೈ ಹಾಗೇ ಇತ್ತು. ಡೇರೆಯ ಬಟ್ಟೆಯ ಮೇಲೆ ಮಳೆ ಬಡಿಯುತ್ತಿತ್ತು. ತೊತೊಕ್ ಹಿಂಡಿದ ಶರ್ಟನ್ನೇ ಮತ್ತೆ ಹಿಂಡಿದ. ವಿವಿಕ್ ಜತ್ಮಿಕೊನನ್ನು ನೋಡಿದಳು, ಪಲುಪಿಯನ್ನು ನೋಡಿದಳು, ಮತ್ತೆ ಜತ್ಮಿಕೊನನ್ನು ನೋಡಿದಳು. ಅವಳ ಬಾಯಿ ಸ್ವಲ್ಪ ತೆರೆದೇ ಇತ್ತು.

“ಅದಕ್ಕೇ ಅಂದ್ರೆ?” ಕೇಳಿದವಳು ಲಾರಸ್. ಮಧ್ಯಾಹ್ನದಿಂದ ಅವಳು ಇಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ. “ಬು ನೆಟ್ಟರೆ ಮಳೆ ಯಾಕೆ ಬರಬೇಕು? ನಿಮಗೆ ಹೇಗೆ ಗೊತ್ತು?”

ಜತ್ಮಿಕೊ ಕೈ ಇಳಿಸಿದ. ಪಲುಪಿಯ ಕಡೆ ನೋಡಿದ. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೋಟೆಲಿನ ಬಾಗಿಲಲ್ಲಿ ಗುರುತಿನವರು ಎದುರಾದಾಗ, ಅವನ ಮಗ ಅವಳ ಫೋನು ಎತ್ತಿದಾಗ, ಅವನು ಹೀಗೇ ನೋಡುತ್ತಿದ್ದ, ಅವಳು ಏನಾದರೊಂದು ಹೇಳಿ ದಾಟಿಸುತ್ತಿದ್ದಳು. ಈಗಲೂ ಮಾತು ಸಿದ್ಧವಾಗಿ ನಾಲಗೆಯ ತುದಿಗೆ ಬಂದು ಕೂತಿತ್ತು: ‘ನನ್ನಂಥ ಮುದುಕಿಗೆ ಮಳೆ ಎಲ್ಲಿ ಹೆದರುತ್ತೆ ಬಿಡೆ’. ಅಷ್ಟು ಹೇಳಿ ನಕ್ಕರೆ ತೊತೊಕ್ ನಗುತ್ತಾನೆ, ವಿವಿಕ್ ನಗುತ್ತಾಳೆ, ಯಾರಾದರೂ ಕಾಫಿಗೆ ನೀರಿಡುತ್ತಾರೆ.

ಪಲುಪಿ ಅದನ್ನು ನುಂಗಿದಳು. ಒದ್ದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಉಳಿದ ಮೂವರ ಜೊತೆ ತಾನೂ ಅವನ ಮುಖವನ್ನೇ ನೋಡುತ್ತ ಅವನ ಉತ್ತರಕ್ಕೆ ಕಾದಳು.